ಇಂಟರ್ನೆಟ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲೇ ಎರಡು ವಿಡಿಯೋಗಳ ಗುಣಮಟ್ಟ ಹೋಲಿಕೆ: ಕಣ್ಣಿಗೆ ಒಂದೇ, ಅಂಕ ಮಾತ್ರ 61 ಯಾಕೆ?

ಮಾಟುಂಗಾ ಚೌಕಿ · ಶನಿವಾರ, ರಾತ್ರಿ 9:10
ಎಲ್ಲರಿಗೂ ನಮಸ್ಕಾರ. ಪತ್ತನಾಜೆ (ಊರಿನ ತಿರುಗಾಟ ಕೊನೆಯಾಗುವ ದಿನ) ಮುಗಿಸಿ ಮಳೆಗಾಲದಲ್ಲಿ ಮುಂಬೈಗೆ ಬರುವ ಯಕ್ಷಗಾನ ಮೇಳಗಳ ಆಟದ ರೆಕಾರ್ಡಿಂಗ್ ರಾಶಿ ಬಿದ್ದುಂಟು. ಎಲ್ಲ ಎವಿಸಿಎಚ್‌ಡಿ, 1080ಪಿ, ಸೆಕೆಂಡಿಗೆ 50 ಫ್ರೇಮ್, ಸುಮಾರು 28 ಎಂಬಿಪಿಎಸ್. ಗಂಟೆಗೆ ಹನ್ನೆರಡೂವರೆ ಜಿಬಿ ಲೆಕ್ಕ. 4 ಗಂಟೆಯ ಕಾಲಮಿತಿ ಆಟಕ್ಕೆ 50 ಜಿಬಿ, ಇಡೀ ರಾತ್ರಿಯದ್ದಾದರೆ 100 ಜಿಬಿ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಕುಗ್ಗಿಸುವ ತಂತ್ರಾಂಶದಲ್ಲಿ ಎಚ್.265 ರೂಪಕ್ಕೆ ಇಳಿಸುವ ಯೋಚನೆ.

ಮೂಲ ಮತ್ತು ಇಳಿಸಿದ್ದು ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ವಿಮ್ಯಾಫ್ (ಮೂಲಕ್ಕೆ ಎಷ್ಟು ಹತ್ತಿರ ಅಂತ 100ರೊಳಗೆ ಅಂಕ ಕೊಡುವ ಅಳತೆ) ಅಂಕ 61 ಬರ್ತದೆ. ಮಾತುಗಾರಿಕೆ ಇರುವಲ್ಲಿ 90 ದಾಟ್ತದೆ, ಕುಣಿತ ಶುರುವಾದ ಕೂಡಲೇ 40ಕ್ಕೆ ಬೀಳ್ತದೆ.

ಪ್ರಶ್ನೆ ಮೂರು. ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿ ನೆಟ್ ಇಲ್ಲದೆ ಓಡುವ ಒಳ್ಳೆಯ ಹೋಲಿಕೆ ಸಾಧನ ಯಾವುದು? ಈ 61 ನಂಬಬೇಕಾ? 95 ಬಂದರೆ ಮೂಲ ಫೈಲ್ ಅಳಿಸಬಹುದಾ?

ಡೊಂಬಿವಲಿ 50ಪಿ · 9:18
ಹ್ಯಾಂಡ್‌ಬ್ರೇಕ್‌ನಲ್ಲಿ ಯಾವ ಪ್ರಿಸೆಟ್ ಮಾರಾಯ್ರೆ? ಹೆಸರಿನ ಕೊನೆಯಲ್ಲಿ 1080ಪಿ30 ಅಂತ ಉಂಟಾ?

ಮಾಟುಂಗಾ ಚೌಕಿ · 9:21
ಹೌದು. ಫಾಸ್ಟ್ 1080ಪಿ30. ಅದರಲ್ಲಿ ಕೋಡೆಕ್ ಮಾತ್ರ ಎಕ್ಸ್265ಕ್ಕೆ (ಎಚ್.265 ಎನ್‌ಕೋಡರ್) ಬದಲಿಸಿದ್ದು.

ಡೊಂಬಿವಲಿ 50ಪಿ · 9:30
ಹಾಗಾದರೆ ಎರಡನೇ ಪ್ರಶ್ನೆ ಮುಗಿಯಿತು. ಆ ಪ್ರಿಸೆಟ್‌ನಲ್ಲಿ ಫ್ರೇಮ್ ದರಕ್ಕೆ 30ರ ಮೇಲ್ಮಿತಿ ಉಂಟು. ನಿಮ್ಮ ಮೂಲದಲ್ಲಿ 50. ಅಂದರೆ ಸೆಕೆಂಡಿಗೆ 20 ಫ್ರೇಮ್ ಬಿಟ್ಟುಹೋಗ್ತದೆ. ಹೋಲಿಕೆ ಸಾಧನ ಸಮಯದ ಗುರುತು ನೋಡಿ ಜೋಡಿ ಕಟ್ಟುವಾಗ ಒಂದು ಫ್ರೇಮ್ ಆಚೆಈಚೆ ಆಗಿಯೇ ಆಗ್ತದೆ. ವೇಷ ಕೂತು ಅರ್ಥ ಹೇಳುವಾಗ ಪಕ್ಕದ ಫ್ರೇಮೂ ಹೆಚ್ಚುಕಡಿಮೆ ಅದೇ ಚಿತ್ರ, ಹಾಗಾಗಿ 90. ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಕಿರೀಟ ಎಲ್ಲಿಂದ ಎಲ್ಲಿಗೋ ಹೋಗಿರ್ತದೆ, ಹಾಗಾಗಿ 40.

ವಿಡಿಯೋ ಟ್ಯಾಬ್‌ನಲ್ಲಿ ಫ್ರೇಮ್ ದರ "ಸೇಮ್ ಆಸ್ ಸೋರ್ಸ್", ಕೆಳಗೆ "ಕಾನ್ಸ್ಟಂಟ್". ಡೈಮೆನ್ಶನ್ಸ್ ಟ್ಯಾಬ್‌ನಲ್ಲಿ ಕ್ರಾಪಿಂಗ್ "ನನ್". ಇದು ಬಹಳ ಮುಖ್ಯ. ಕತ್ತಲೆ ವೇದಿಕೆಯ ಅಂಚನ್ನು ಕಪ್ಪು ಪಟ್ಟಿ ಅಂತ ತಿಳಿದು ಆಟೋ ಕ್ರಾಪ್ ನಾಲ್ಕಾರು ಸಾಲು ಕತ್ತರಿಸಿದರೆ, ಹೋಲಿಸಲು ಮತ್ತೆ 1080ಕ್ಕೆ ಹಿಗ್ಗಿಸಬೇಕು. ಆಗ ಚಿತ್ರದ ಒಂದೊಂದು ಗೆರೆಯೂ ಜಾಗ ತಪ್ಪಿರ್ತದೆ, ಅಂಕ ಪಾತಾಳಕ್ಕೆ. ಫಿಲ್ಟರ್ಸ್ ಟ್ಯಾಬ್‌ನಲ್ಲಿ ಡಿಇಂಟರ್‌ಲೇಸ್, ಡಿನಾಯ್ಸ್ ಎಲ್ಲ ಆಫ್.

ಕೊಥ್ರೂಡ್ ಬಿಟ್‌ರೇಟ್ · 9:52
ಮೊದಲ್ನೇ ಪ್ರಶ್ನೆಗೆ ಬರ್ತೀನಿ ನೋಡ್ರಿ. ಇದಕ್ಕ ನೆಟ್ ಬೇಕಾಗೂದೇ ಇಲ್ಲ. ಒಂದು ಸಲ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನ್ಯಾಗ ಒಯ್ದ್ರ ಮುಗೀತು.

ಮೂಲ ಎಂಜಿನ್ ಎಫ್‌ಎಫ್‌ಎಂಪೆಗ್. ಅದರೊಳಗ ಲಿಬ್‌ವಿಮ್ಯಾಫ್ ಸೇರಿಸಿ ಕಟ್ಟಿದ ವಿಂಡೋಸ್ ಆವೃತ್ತಿ ಬೇಕು. ಫಿಲ್ಟರ್‌ಗಳ ಪಟ್ಟಿ ತೆಗೆಸಿ ಲಿಬ್‌ವಿಮ್ಯಾಫ್ ಹೆಸರು ಅದ ಏನು ನೋಡ್ರಿ. ಇಲ್ಲಂದ್ರ ಬ್ಯಾರೆ ಬಿಲ್ಡ್ ತರ್ರಿ. ನೆಟ್‌ಫ್ಲಿಕ್ಸ್‌ನವರು ವಿಮ್ಯಾಫನ್ನ 2016ರಾಗ ಓಪನ್ ಸೋರ್ಸ್ ಮಾಡಿದ್ರು. ಹಳೇ ಆವೃತ್ತಿಗೆ ಮಾಡೆಲ್ ಫೈಲ್ ಬ್ಯಾರೆ ಇಟ್ಟು ದಾರಿ ತೋರಸಬೇಕಾಗಿತ್ತು. ಲಿಬ್‌ವಿಮ್ಯಾಫ್ 2.0 ಆದ ಮ್ಯಾಲ ಮಾಡೆಲ್ ಒಳಗ ಇರ್ತದ. ಇಂಟರ್ನೆಟ್ ಇಲ್ಲದ ಮಷೀನಿಗೆ ಇದು ದೊಡ್ಡ ಅನುಕೂಲ.

ಕಮಾಂಡ್ ಬ್ಯಾಡ ಅಂದ್ರ ಎಫ್‌ಎಫ್‌ಮೆಟ್ರಿಕ್ಸ್. ವಿಂಡೋಸ್ ಕಿಟಕಿ ಇರೂ ಸಣ್ಣ ಸಾಧನ. ಎಫ್‌ಎಫ್‌ಎಂಪೆಗ್ ಫೈಲನ್ನ ಅದರ ಫೋಲ್ಡರ್‌ನ್ಯಾಗ ಹಾಕ್ರಿ, ಒಂದು ಮೂಲ ಕೊಡ್ರಿ, ಅದರ ಎದುರು ನಾಕೈದು ಎನ್‌ಕೋಡ್ ಕೊಡ್ರಿ. ಪಿಎಸ್‌ಎನ್‌ಆರ್ (ಪಿಕ್ಸೆಲ್ ವ್ಯತ್ಯಾಸದ ಅಳತೆ, ಡೆಸಿಬೆಲ್‌ನ್ಯಾಗ), ಎಸ್‌ಎಸ್‌ಐಎಂ (ಚಿತ್ರದ ರಚನೆ ಹೋಲಿಸೂ ಅಳತೆ), ವಿಮ್ಯಾಫ್ ಮೂರೂ ತೆಗೀತದ, ಫ್ರೇಮಿಗೊಂದು ಚುಕ್ಕಿ ಇಟ್ಟು ಗ್ರಾಫ್ ಬಿಡಿಸ್ತದ. ನಿಮಗ ಅಂಕಕ್ಕಿಂತ ಆ ಗ್ರಾಫೇ ಹೆಚ್ಚು ಉಪಯೋಗ.

ಕಣ್ಣಿಂದ ನೋಡಾಕ ವಿಡಿಯೋ-ಕಂಪೇರ್. ಒಂದೇ ಪರದೆ, ನಡಕ ಗೆರೆ, ಮೌಸ್ ಸರಿಸಿದಂಗ ಎಡಕ್ಕ ಮೂಲ, ಬಲಕ್ಕ ಎನ್‌ಕೋಡ್. ಸೊನ್ನೆ ಒತ್ತಿದ್ರ ಎರಡರ ವ್ಯತ್ಯಾಸ ಅಷ್ಟೇ ಕಾಣ್ತದ. ಪ್ಲಸ್, ಮೈನಸ್ ಒತ್ತಿ ಬಲಗಡೆ ವಿಡಿಯೋನ ಒಂದೊಂದು ಫ್ರೇಮ್ ಮುಂದ ಹಿಂದ ಸರಸಬಹುದು. ಮಾಸ್ಕೋ ಸ್ಟೇಟ್ ಯೂನಿವರ್ಸಿಟಿಯ ವಿಕ್ಯೂಎಂಟಿ ಸಹ ಚಲೋ ಅದ, ಆದ್ರ ಉಚಿತ ಆವೃತ್ತಿಗೆ ಮಿತಿ ಅವ.

ಐರೋಲಿ ಕ್ಲೌಡ್ · 9:58
ಇಷ್ಟೆಲ್ಲ ಯಾಕೆ? ಬ್ರೌಸರ್‌ನಲ್ಲೇ ಅಪ್‌ಲೋಡ್ ಮಾಡಿ ಅಂಕ ಕೊಡುವ ಸೈಟ್‌ಗಳಿವೆಯಲ್ಲ.

ಡೊಂಬಿವಲಿ 50ಪಿ · 10:01
50 ಜಿಬಿ ಅಪ್‌ಲೋಡಾ? ಅದೂ ಅಲ್ಲದೆ ಕಲಾವಿದರು ಮತ್ತು ಮೇಳದ ಯಜಮಾನರ ಒಪ್ಪಿಗೆ ಇಲ್ಲದೆ ಇಡೀ ಪ್ರಸಂಗವನ್ನು ಎಲ್ಲಿಗೋ ಕಳಿಸುವುದು ಸರಿಯಲ್ಲ. ಶೀರ್ಷಿಕೆಯಲ್ಲೇ ಆಫ್‌ಲೈನ್ ಅಂತ ಕೇಳಿದ್ದಾರೆ.

ಪಿಂಪರಿ ಟರ್ಮಿನಲ್ · 10:15
ಕಮಾಂಡ್ ಬಳಸುವವರಿಗೆ ನಾಲ್ಕು ಮಾತು. ಇಲ್ಲೇ ಹೆಚ್ಚಿನವರು ಎಡವುತ್ತಾರೆ.

ಎಫ್‌ಎಫ್‌ಎಂಪೆಗ್‌ನ ಲಿಬ್‌ವಿಮ್ಯಾಫ್ ಫಿಲ್ಟರ್‌ಗೆ ಮೊದಲು ಕೊಡಬೇಕಾದದ್ದು ಎನ್‌ಕೋಡ್ ಆದ ಫೈಲ್, ಎರಡನೆಯದು ಮೂಲ. ಅದಲುಬದಲಾದರೆ ದೋಷ ಸಂದೇಶ ಬರುವುದಿಲ್ಲ, ಏನೋ ಒಂದು ಅಂಕ ಬಂದುಬಿಡುತ್ತದೆ. ಪಿಎಸ್‌ಎನ್‌ಆರ್ ಎರಡೂ ದಿಕ್ಕಿನಲ್ಲಿ ಒಂದೇ ಆದ್ದರಿಂದ ಅದನ್ನು ನೋಡಿ ಕಂಡುಹಿಡಿಯಲೂ ಆಗುವುದಿಲ್ಲ. ವಿಮ್ಯಾಫ್ ಹಾಗಲ್ಲ, ದಿಕ್ಕು ಬದಲಾದರೆ ಅಂಕ ಬದಲು.

ಎರಡೂ ಇನ್‌ಪುಟ್‌ಗೆ ಸೆಟ್‌ಪಿಟಿಎಸ್ ಹಾಕಿ ಸಮಯದ ಗುರುತನ್ನು ಸೊನ್ನೆಯಿಂದ ಶುರು ಮಾಡಿ. ಕ್ಯಾಮೆರಾದ ಎಂಟಿಎಸ್ ಫೈಲ್‌ಗಳ ಗುರುತು ಸೊನ್ನೆಯಿಂದ ಶುರುವಾಗಬೇಕೆಂದಿಲ್ಲ, ಎಂಪಿ4 ಸಾಮಾನ್ಯವಾಗಿ ಸೊನ್ನೆಯಿಂದ. ಇದನ್ನು ಮಾಡದೆ ಹೋಲಿಸಿದರೆ ಆ ಅಂತರದಷ್ಟೂ ತಪ್ಪು ಜೋಡಿ.

ಲಾಗ್ ಫೈಲ್‌ಗೆ ಡಿ ಡ್ರೈವ್‌ನಿಂದ ಶುರುವಾಗುವ ಪೂರ್ತಿ ವಿಳಾಸ ಕೊಡಬೇಡಿ. ಡ್ರೈವ್ ಅಕ್ಷರದ ಪಕ್ಕದ ಕೋಲನ್ ಚಿಹ್ನೆಯನ್ನು ಫಿಲ್ಟರ್ ತನ್ನ ಆಯ್ಕೆಗಳ ನಡುವಿನ ಗಡಿ ಅಂತ ಓದುತ್ತದೆ, ಕಮಾಂಡ್ ಮುರಿದುಬೀಳುತ್ತದೆ. ಕೆಲಸದ ಫೋಲ್ಡರ್‌ಗೇ ಹೋಗಿ ಬರೀ ಫೈಲ್ ಹೆಸರು ಕೊಡಿ. ಲಾಗ್ ಜೇಸನ್ ರೂಪದಲ್ಲಿರಲಿ. ಥ್ರೆಡ್ ಸಂಖ್ಯೆಯನ್ನು ನಿಮ್ಮ ಕೋರ್‌ಗಳಷ್ಟು ಕೊಟ್ಟರೆ ವೇಗ ಎದ್ದು ಕಾಣುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದವರಿಗೆ ಲಿಬ್‌ವಿಮ್ಯಾಫ್ 3.0, ಎಫ್‌ಎಫ್‌ಎಂಪೆಗ್ 6.1ರಿಂದ ಸಿಯುಡಿಎ (ಗ್ರಾಫಿಕ್ಸ್ ಕಾರ್ಡ್‌ನಲ್ಲೇ ಲೆಕ್ಕ ಮಾಡುವ) ಫಿಲ್ಟರ್ ಕೂಡ ಇದೆ, ಅದಕ್ಕೆ ಬೇರೆಯಾಗಿ ಕಟ್ಟಿದ ಬಿಲ್ಡ್ ಬೇಕು.

ಯಾವುದಕ್ಕೂ ಮೊದಲು ಮೂಲವನ್ನು ಮೂಲದೊಂದಿಗೇ ಹೋಲಿಸಿ. ಪಿಎಸ್‌ಎನ್‌ಆರ್ ಅನಂತ, ಎಸ್‌ಎಸ್‌ಐಎಂ 1 ಬರಬೇಕು. ಬರದಿದ್ದರೆ ನಿಮ್ಮ ವ್ಯವಸ್ಥೆಯಲ್ಲೇ ತಪ್ಪಿದೆ, ಮುಂದೆ ಹೋಗಬೇಡಿ.

ಮಾಟುಂಗಾ ಚೌಕಿ · 10:24
ಪಿಂಪರಿ ಸರ್, ಮೂಲಕ್ಕೆ ಮೂಲವನ್ನೇ ಕೊಟ್ಟರೆ ವಿಮ್ಯಾಫ್ 100 ಬರಬೇಕಲ್ವಾ? ಇಲ್ಲಿ 98 ಚಿಲ್ಲರೆ ಬರ್ತಾ ಉಂಟು. ಪಿಎಸ್‌ಎನ್‌ಆರ್ ಅನಂತವೇ.

ಪಿಂಪರಿ ಟರ್ಮಿನಲ್ · 10:31
ಅದು ಸರಿಯೇ. ವಿಮ್ಯಾಫ್ ಅಂದರೆ ವಿಐಎಫ್, ಎಡಿಎಂ, ಚಲನೆ ಎಂಬ ಮೂರು ಬಗೆಯ ಅಳತೆಗಳನ್ನು ತರಬೇತಿ ಪಡೆದ ಮಾಡೆಲ್ ಒಂದು ಅಂಕವಾಗಿ ಬೆರೆಸುವುದು. ಎಲ್ಲವೂ ಸಮ ಇದ್ದರೂ 100 ಬಂದೇ ಬರುತ್ತದೆ ಅಂತ ಅದು ಮಾತು ಕೊಡುವುದಿಲ್ಲ. ಅಲುಗಾಡದ ಫ್ರೇಮ್‌ಗಳಲ್ಲಿ ಸ್ವಲ್ಪ ಕಡಿಮೆ ಬರುವುದು ಸಹಜ. ನಿಮ್ಮ ಮಟ್ಟಿಗೆ ಆ ತುಂಡಿನ ಮೇಲ್ಮಿತಿ 98 ಅಂತ ಇಟ್ಟುಕೊಳ್ಳಿ.

ಮಡಗಾಂವ್ ಟೈಮ್‌ಲೈನ್ · 10:40
4 ಗಂಟೆಯ ಫೈಲ್ ಪೂರ್ತಿ ಹೋಲಿಸಲು ಹೋಗಬೇಡಿ. 50ರ ಲೆಕ್ಕದಲ್ಲಿ 7,20,000 ಫ್ರೇಮ್. ಸೆಕೆಂಡಿಗೆ 40 ಫ್ರೇಮ್ ಓಡಿದರೂ 5 ಗಂಟೆ, ಅದೂ ಒಂದೇ ಸೆಟ್ಟಿಂಗ್‌ಗೆ. ಮಧ್ಯದಲ್ಲಿ ಕರೆಂಟ್ ಹೋದರೆ ಮೊದಲಿನಿಂದ ಶುರು, ನಿಂತಲ್ಲಿಂದ ಮುಂದುವರಿಯುವ ಸೌಲಭ್ಯ ಇಲ್ಲ. ಗೋವಾದ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

20 ಸೆಕೆಂಡಿನ ಎಂಟು ತುಂಡು ಸಾಕು, ಆದರೆ ಆರಿಸುವುದರಲ್ಲಿ ಬುದ್ಧಿ ಇರಲಿ. ಧೀಂಗಿಣ ಇರುವ ಎರಡು. ಭಾಗವತರು, ಚೆಂಡೆ, ಮದ್ದಳೆ ಮಾತ್ರ ಕಾಣುವ ಒಂದು. ಹತ್ತಿರದ ಮುಖವರ್ಣಿಕೆ ಒಂದು. ಅರೆ ಕತ್ತಲೆಯಲ್ಲಿ ಬಣ್ಣದ ವೇಷ (ರಾಕ್ಷಸ ಪಾತ್ರ) ಪ್ರವೇಶಿಸುವ ಎರಡು, ಯಾಕೆಂದರೆ ಅಲ್ಲಿ ಕ್ಯಾಮೆರಾದ ಗೇನ್ ಏರಿ ಕಾಳುಕಾಳು ನಾಯ್ಸ್ ಇರುತ್ತದೆ, ಎನ್‌ಕೋಡರ್ ಒದ್ದಾಡುವುದು ಅಲ್ಲೇ. ಕ್ಯಾಮೆರಾ ಜೂಮ್ ಆಗುವ ಒಂದು. ಸುಮ್ಮನೆ ಮಾತುಗಾರಿಕೆ ಒಂದು.

ತುಂಡು ಮಾಡುವ ಕ್ರಮ: ಮೊದಲು ಮೂಲದಿಂದ ತುಂಡು ತೆಗೆದು ಎಫ್‌ಎಫ್‌ವಿ1ನಲ್ಲಿ ನಷ್ಟವಿಲ್ಲದೆ ಉಳಿಸಿ. ನಂತರ ಆ ತುಂಡಿನಿಂದಲೇ ಎಲ್ಲ ಎನ್‌ಕೋಡ್. ಮೂಲ ಮತ್ತು ಎನ್‌ಕೋಡ್ ಎರಡನ್ನೂ ಬೇರೆಬೇರೆ ಕತ್ತರಿಸಿದರೆ, ಅದರಲ್ಲೂ ಸ್ಟ್ರೀಮ್ ಕಾಪಿಯಲ್ಲಿ (ಮರು ಎನ್‌ಕೋಡ್ ಇಲ್ಲದ ನಕಲು), ಕತ್ತರಿ ಬೀಳುವುದು ಕೀಫ್ರೇಮ್‌ನಲ್ಲಿ, ಅಂದರೆ ತನ್ನಷ್ಟಕ್ಕೇ ಪೂರ್ತಿ ಇರುವ ಫ್ರೇಮ್‌ನಲ್ಲಿ. ಎರಡು ಫೈಲ್‌ಗಳ ಕೀಫ್ರೇಮ್ ಒಂದೇ ಕಡೆ ಇರುವುದಿಲ್ಲ.

ಬೋರಿವಲಿ ರೆಂಡರ್ · 10:44
ಸಂಕೋಚನವೇ ಇಲ್ಲದ ವೈಯುವಿ ರೂಪಕ್ಕೆ ಬಿಚ್ಚಿ ಇಟ್ಟರೆ ಇನ್ನೂ ನಿಖರ ಅಲ್ಲವೇ?

ಮಡಗಾಂವ್ ಟೈಮ್‌ಲೈನ್ · 10:49
ನಿಖರತೆ ಅಷ್ಟೇ, ಜಾಗ ಮಾತ್ರ ವ್ಯರ್ಥ. 1080ಪಿ, 8 ಬಿಟ್, 4:2:0 ಅಂದರೆ ಒಂದು ಫ್ರೇಮ್‌ಗೆ 31 ಲಕ್ಷ ಬೈಟ್ ಚಿಲ್ಲರೆ. 50 ಫ್ರೇಮ್‌ಗೆ ಸೆಕೆಂಡಿಗೆ 155 ಎಂಬಿ, ನಿಮಿಷಕ್ಕೆ 9.3 ಜಿಬಿ. ಎರಡು ಫೈಲ್ ಒಟ್ಟಿಗೆ ಓದುವಾಗ ತಿರುಗುವ ಹಾರ್ಡ್‌ಡಿಸ್ಕ್ ಸುಸ್ತಾಗಿ ಪ್ರೊಸೆಸರ್ ಕಾಯುತ್ತಾ ಕೂರುತ್ತದೆ. ಎಫ್‌ಎಫ್‌ವಿ1 ಕೂಡ ಅದೇ ಪಿಕ್ಸೆಲ್‌ಗಳನ್ನೇ ಕೊಡುತ್ತದೆ. ನೆಟ್‌ಫ್ಲಿಕ್ಸ್‌ನ ಪ್ರತ್ಯೇಕ ವಿಮ್ಯಾಫ್ ಕಮಾಂಡ್‌ಗೆ ಮಾತ್ರ ವೈಯುವಿ ಅಥವಾ ವೈ4ಎಂ ಬೇಕು.

ಕೊಥ್ರೂಡ್ ಬಿಟ್‌ರೇಟ್ · 11:05
ಗ್ರಾಫ್ ಓದೂ ರೀತಿ ಹೇಳಿಬಿಡ್ತೀನಿ, ಇದು ಗೊತ್ತಾದ್ರ ಅರ್ಧ ಕೆಲಸ ಮುಗೀತು.

ನಿಂತಲ್ಲಿ ಮ್ಯಾಲ, ಓಡಿದಲ್ಲಿ ಕೆಳಗ ಬಿತ್ತಂದ್ರ ಫ್ರೇಮ್ ಜೋಡಿ ತಪ್ಪೇದ. ಮೊದಲ ಛಲೋ ನಡದು ನಡಕ ಒಮ್ಮೆಲೆ ಕುಸಿದು ಕಡೀತನಕ ಏಳಲೇ ಇಲ್ಲಂದ್ರ ಅಲ್ಲೊಂದು ಫ್ರೇಮ್ ಬಿಟ್ಟದ. ಎಲ್ಲಾ ಕಡೆ ಒಂದೇ ಸಮ ಕಡಿಮಿ ಇದ್ದು ಪಿಎಸ್‌ಎನ್‌ಆರ್ ಸಹ ಬಾಳ ಕೆಳಗಿದ್ರ ಬೆಳಕಿನ ರೇಂಜ್ ತಪ್ಪಿರ್ತದ, ಅಂದ್ರ ಒಂದು 16ರಿಂದ 235, ಇನ್ನೊಂದು 0ಯಿಂದ 255. ಕಡೀ ತುದಿಯಾಗಷ್ಟೇ ಬಿತ್ತಂದ್ರ ಎರಡರ ಉದ್ದ ಬ್ಯಾರೆ, ಸಣ್ಣದು ಮುಗಿದ ಮ್ಯಾಲ ಕಡೇ ಫ್ರೇಮನ್ನೇ ಮತ್ತ ಮತ್ತ ಹಿಡಕೊಂಡು ಹೋಲಿಸ್ತಿರ್ತದ.

ಜೋಡಿ ತಪ್ಪೇದ ಅಂತ ಸಂಶಯ ಬಂದ್ರ ಕುಣಿತದ ತುಂಡು ತಗೊಂಡು ಮೂರು ಫ್ರೇಮ್ ಹಿಂದಿಂದ ಮೂರು ಫ್ರೇಮ್ ಮುಂದಿನ ತನಕ ಒಂದೊಂದು ಸರಿಸಿ ಪಿಎಸ್‌ಎನ್‌ಆರ್ ನೋಡ್ರಿ. ಸರಿಯಾದ ಜಾಗದಾಗ ಅಂಕ ಒಮ್ಮೆಲೆ ಜಿಗೀತದ. ಮಾತಿನ ತುಂಡಿನ್ಯಾಗ ಈ ಪರೀಕ್ಷೆ ಮಾಡಬ್ಯಾಡ್ರಿ, ಅಲ್ಲಿ ವ್ಯತ್ಯಾಸ ಕಾಣಂಗಿಲ್ಲ.

ಬೋರಿವಲಿ ರೆಂಡರ್ · 11:12
ವಿಮ್ಯಾಫ್ ಸರಾಸರಿ 95 ಇದ್ದರೆ ಮುಗಿಯಿತು. ಫ್ರೇಮ್ ಫ್ರೇಮ್ ನೋಡುತ್ತಾ ಕೂರುವುದು ಅತಿಯಾಯಿತು.

ಕೊಥ್ರೂಡ್ ಬಿಟ್‌ರೇಟ್ · 11:20
ಅಲ್ರಿ, ಲೆಕ್ಕ ಹಾಕಿ ನೋಡ್ರಿ. 20 ಸೆಕೆಂಡಿನ ತುಂಡು, 1000 ಫ್ರೇಮ್. 950 ಫ್ರೇಮಿಗೆ 97, ಉಳಿದ 50 ಫ್ರೇಮಿಗೆ 60. ಸರಾಸರಿ 95.15! ಆದ್ರ ಆ 50 ಫ್ರೇಮ್ ಸಾಲಾಗಿ ಬಂದ್ರ ಪೂರ್ತಿ ಒಂದು ಸೆಕೆಂಡ್ ವೇಷ ಕಲಸಿ ಹೋಗಿರ್ತದ. ಧೀಂಗಿಣದ ಒಂದು ಸೆಕೆಂಡ್ ಅಂದ್ರ ಜನ ಕಾಯೂದೇ ಅದಕ್ಕ. ಹಾರ್ಮೋನಿಕ್ ಸರಾಸರಿ ತಗೊಂಡ್ರೂ 94.1ಕ್ಕ ಇಳೀತದ ಅಷ್ಟೇ. ಕನಿಷ್ಠ ಅಂಕ, ಅತಿ ಕಡಿಮೆ 1 ಶೇಕಡಾ ಫ್ರೇಮ್‌ಗಳ ಅಂಕ, ಇವೆರಡು ನೋಡ್ಲಿಲ್ಲಂದ್ರ ಸರಾಸರಿಗೆ ಅರ್ಥ ಇಲ್ಲ.

ಬೋರಿವಲಿ ರೆಂಡರ್ · 11:26
ಲೆಕ್ಕ ಒಪ್ಪುತ್ತೇನೆ. ಆದರೂ ಕನಿಷ್ಠ ಅಂಕ ಒಂದನ್ನೇ ಹಿಡಿದರೆ ವೇದಿಕೆಯ ದೀಪ ಆರಿದ ಒಂದೇ ಕಪ್ಪು ಫ್ರೇಮ್‌ಗೆ ಹೆದರಿ ಸಿಆರ್‌ಎಫ್ (ಎನ್‌ಕೋಡರ್‌ನ ಗುಣಮಟ್ಟದ ಅಂಕೆ, ಇಳಿದಷ್ಟೂ ಗುಣಮಟ್ಟ ಮತ್ತು ಫೈಲ್ ಗಾತ್ರ ಹೆಚ್ಚು) ಇಳಿಸಬೇಕಾಗುತ್ತದೆ. 1 ಶೇಕಡಾ ಸಾಕು, ಕನಿಷ್ಠ ಬೇಡ.

ಕೊಥ್ರೂಡ್ ಬಿಟ್‌ರೇಟ್ · 11:28
ಅದು ಖರೇ. ಕನಿಷ್ಠ ಎಲ್ಲಿ ಬಿದ್ದದ ಅಂತ ಹೋಗಿ ನೋಡಾಕ ಅಷ್ಟೇ, ತೀರ್ಪಿಗಲ್ಲ.

ಮುಲುಂಡ್ ಕಲರ್ · ಭಾನುವಾರ, ಬೆಳಿಗ್ಗೆ 7:40
ಇಷ್ಟು ಜನ ಮಾತಾಡಿದರೂ ಬಣ್ಣದ ಬಗ್ಗೆ ಯಾರೂ ಹೇಳಿಲ್ಲ. ಯಕ್ಷಗಾನಕ್ಕೆ ಅದೇ ಜೀವ.

ವಿಮ್ಯಾಫ್‌ನ ಸಾಮಾನ್ಯ ಮಾಡೆಲ್ ನೋಡುವುದು ಬೆಳಕಿನ ಪದರವನ್ನು ಮಾತ್ರ. ಬಣ್ಣದ ಎರಡು ಪದರಗಳನ್ನು ನೋಡುವುದೇ ಇಲ್ಲ. 4:2:0ನಲ್ಲಿ ಬಣ್ಣದ ಪದರ ಮೊದಲೇ 960×540ಕ್ಕೆ ಇಳಿದಿರುತ್ತದೆ. ಅದರ ಮೇಲೆ ಎನ್‌ಕೋಡರ್ ಬಿಟ್ ಉಳಿಸಲು ಹೋದರೆ ಕತ್ತಲೆ ಹಿನ್ನೆಲೆಯ ಮುಂದಿನ ಕೆಂಪು ದಗಲೆಯ (ವೇಷದ ಅಂಗಿ) ಅಂಚು ಹರಡುತ್ತದೆ, ಕೆಂಪು ಕಪ್ಪು ಚೌಕುಳಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ವಿಮ್ಯಾಫ್ 95 ಅಂತಲೇ ಹೇಳುತ್ತಿರುತ್ತದೆ. ಹಾಗಾಗಿ ಪಿಎಸ್‌ಎನ್‌ಆರ್ ಫಿಲ್ಟರ್ ಕೊಡುವ ವೈ, ಯು, ವಿ ಮೂರನ್ನೂ ಬೇರೆಬೇರೆ ನೋಡಿ. ಕೆಂಪಿಗೆ ವಿ ಪದರ ಮುಖ್ಯ. ಎರಡು ಎನ್‌ಕೋಡ್‌ಗಳಲ್ಲಿ ವೈ ಸಮ ಇದ್ದು ವಿ ಒಂದರಲ್ಲಿ ಎರಡು ಡೆಸಿಬೆಲ್ ಕಡಿಮೆ ಇದ್ದರೆ ಆ ಫ್ರೇಮ್ ತೆರೆದು ದಗಲೆಯನ್ನೇ ನೋಡಿ.

ಇನ್ನೊಂದು, ಯಾವ ಅಂಕವೂ ಹಿಡಿಯಲಾಗದ ದೋಷ. ಬಣ್ಣದ ಮ್ಯಾಟ್ರಿಕ್ಸ್ ಗುರುತು ಬಿಟಿ.709 ಇರಬೇಕಾದಲ್ಲಿ ಬಿಟಿ.601 ಅಂತಾದರೆ ಪಿಕ್ಸೆಲ್ ಬೆಲೆಗಳು ಅವೇ ಇರುತ್ತವೆ, ಹೋಲಿಕೆಯಲ್ಲಿ ಎಲ್ಲವೂ ಸರಿ. ಪ್ಲೇಯರ್‌ನಲ್ಲಿ ಮಾತ್ರ ಕೆಂಪು ಬೇರೆ ಛಾಯೆಗೆ ತಿರುಗುತ್ತದೆ. ಇದಕ್ಕೆ ಮೀಡಿಯಾಇನ್ಫೋ ತೆರೆದು ಎರಡೂ ಫೈಲ್‌ನ ಬಣ್ಣದ ಗುರುತು, ರೇಂಜ್ ಕಣ್ಣಾರೆ ಓದಬೇಕು, ಬೇರೆ ದಾರಿಯಿಲ್ಲ.

ಡೊಂಬಿವಲಿ 50ಪಿ · 7:58
ಮುಲುಂಡ್ ಅಕ್ಕ ಹೇಳಿದ್ದು ನೂರಕ್ಕೆ ನೂರು. ಜೊತೆಗೆ ಕತ್ತಲೆ ಹಿನ್ನೆಲೆಯ ಪದರಪದರ ಪಟ್ಟಿಗೆ ಕ್ಯಾಂಬಿ ಅಂತ ಅಳತೆ ಲಿಬ್‌ವಿಮ್ಯಾಫ್‌ನಲ್ಲೇ ಉಂಟು. ಅದಕ್ಕೆ ಮೂಲ ಬೇಡ, ಒಂದೇ ಫೈಲ್ ಸಾಕು. ಸೊನ್ನೆ ಅಂದರೆ ಪಟ್ಟಿ ಇಲ್ಲ, 5ರ ಆಸುಪಾಸು ಬಂದರೆ ಕಣ್ಣಿಗೆ ಕಿರಿಕಿರಿ ಶುರು. ಎಕ್ಸ್265ನಲ್ಲಿ 10 ಬಿಟ್ ಆರಿಸಿದರೆ ಮೂಲ 8 ಬಿಟ್ ಆದರೂ ಪಟ್ಟಿ ಕಡಿಮೆ ಆಗ್ತದೆ. ಹೋಲಿಸುವಾಗ ಮೂಲವನ್ನು 10 ಬಿಟ್‌ಗೆ ಏರಿಸಿ, ಎನ್‌ಕೋಡನ್ನು 8ಕ್ಕೆ ಇಳಿಸಬೇಡಿ.

ಠಾಣೆ ಚೆಂಡೆ · 8:05
ಚಿತ್ರದ್ದೇ ಮಾತಾಯ್ತು. ಆಡಿಯೋ ಮರು ಎನ್‌ಕೋಡ್ ಮಾಡಬೇಡಿ ದಯವಿಟ್ಟು. ಹ್ಯಾಂಡ್‌ಬ್ರೇಕ್‌ನಲ್ಲಿ ಪಾಸ್‌ಥ್ರೂ ಇಡಿ. ಚೆಂಡೆಯ ಪೆಟ್ಟಿನ ಮೊನೆ ಕಡಿಮೆ ಬಿಟ್‌ರೇಟ್ ಎಎಸಿಯಲ್ಲಿ ಮೊದಲು ಹೋಗುತ್ತದೆ, ಉಳಿತಾಯವೋ ಗಂಟೆಗೆ ನೂರು ಎಂಬಿ ಚಿಲ್ಲರೆ.

ವಾಸ್ಕೊ ಟೇಪು · 8:30
ಮಿನಿಡಿವಿ ಟೇಪಿನ ಹಳೇ ಆಟಗಳು ಇದ್ದವ್ರು ಏನ್ ಮಾಡಬೇಕ್ರಿ? 720×576, ಇಂಟರ್‌ಲೇಸ್ಡ್ (ಸಮ ಸಾಲು, ಬೆಸ ಸಾಲು ಬ್ಯಾರೆ ಬ್ಯಾರೆ ಫೀಲ್ಡ್). ಹೋಲಿಕೆ ಅಂಕ ಬಾಯಿಗೆ ಬಂದಂಗ ಬರ್ತಾವ.

ಪಿಂಪರಿ ಟರ್ಮಿನಲ್ · 8:52
ಇಂಟರ್‌ಲೇಸ್ಡ್ ಮೂಲವನ್ನು ಡಿಇಂಟರ್‌ಲೇಸ್ ಆದ ಎನ್‌ಕೋಡ್‌ಗೆ ನೇರ ಹೋಲಿಸಲು ಆಗುವುದಿಲ್ಲ. ಮೂಲವನ್ನು ಒಂದೇ ಸಲ ಬಿಡಬ್ಲ್ಯೂಡಿಐಎಫ್‌ನಿಂದ ಡಿಇಂಟರ್‌ಲೇಸ್ ಮಾಡಿ, ಎಫ್‌ಎಫ್‌ವಿ1ನಲ್ಲಿ ಉಳಿಸಿ, ಅದನ್ನೇ ಹೊಸ ಮೂಲ ಅಂತ ಹಿಡಿದು ಎನ್‌ಕೋಡ್ ಮಾಡಿ. ಫೀಲ್ಡಿಗೊಂದು ಫ್ರೇಮ್ ತೆಗೆದರೆ 50, ಜೋಡಿಗೊಂದು ತೆಗೆದರೆ 25. ಕುಣಿತಕ್ಕೆ 50 ಉತ್ತಮ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು, ಎಚ್‌ಡಿ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಇದು ತಿರುವುಮುರುವಾದರೆ ವೇಷ ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ನಡುಗುತ್ತದೆ.

ಅಂಕದ ಬಗ್ಗೆ ಎಚ್ಚರ: ಸಾಮಾನ್ಯ ಮಾಡೆಲ್ 1080ಪಿ ಪರದೆಯನ್ನು ಅದರ ಎತ್ತರದ ಮೂರರಷ್ಟು ದೂರದಿಂದ ನೋಡುವ ಲೆಕ್ಕದ್ದು. 576 ಸಾಲಿನ ಟೇಪಿನಲ್ಲಿ ಬಂದ 93ನ್ನು ಎಚ್‌ಡಿಯ 93ರ ಜೊತೆ ಇಟ್ಟು ನೋಡಬೇಡಿ. ಅದೇ ಟೇಪಿನ ಎನ್‌ಕೋಡ್‌ಗಳ ನಡುವೆ ಮಾತ್ರ ಹೋಲಿಸಿ.

ಮಡಗಾಂವ್ ಟೈಮ್‌ಲೈನ್ · 9:01
ಡಿವಿ ಫೈಲ್ ಗಂಟೆಗೆ ಸುಮಾರು 13 ಜಿಬಿ ಅಷ್ಟೇ. ಅದನ್ನು ಇಳಿಸುವ ಗೋಜಿಗೇ ಹೋಗಬೇಡಿ ಅಣ್ಣ. ಮೊದಲು ಟೇಪ್ ಓದಿಸಿ. ನಮ್ಮ ಕರಾವಳಿಯ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯಲು ಹೆಚ್ಚು ಕಾಲ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ನಿಲ್ಲಿಸಿಡಿ, ಬೂಷ್ಟು ಕಂಡ ಟೇಪನ್ನು ಡೆಕ್‌ಗೆ ಹಾಕಲೇಬೇಡಿ. ಹೆಡ್‌ಗೆ ಅಂಟಿ ಮುಂದಿನ ಟೇಪಿಗೂ ಹರಡುತ್ತದೆ.

ವಾಸ್ಕೊ ಟೇಪು · 9:06
ಡೆಕ್ ಎಲ್ಲಿ ಸಿಗ್ತದ? ಲ್ಯಾಮಿಂಗ್ಟನ್ ರೋಡ್‌ಗೆ ಬರಬೇಕೇನು?

ವೇದಿಕೆ ನಿರ್ವಾಹಕ · 9:15
ಟೇಪ್ ಮತ್ತು ಡೆಕ್ ಮಾತಿಗೆ ಬೇರೆ ಎಳೆ ತೆರೆದಿದೆ, ಅಲ್ಲಿ ಮುಂದುವರಿಸಿ. ಇಲ್ಲಿ ಹೋಲಿಕೆ ಮಾತ್ರ.

ಮುಲುಂಡ್ ಕಲರ್ · 9:34
ಅಂಕಗಳ ಮೇಲೆ ಇಷ್ಟು ಭಾರ ಹಾಕುವುದಕ್ಕೆ ನನ್ನ ವಿರೋಧವಿದೆ. ಚಿತ್ರವನ್ನು ಸ್ವಲ್ಪ ಶಾರ್ಪ್ ಮಾಡಿ, ಕಾಂಟ್ರಾಸ್ಟ್ ಏರಿಸಿ ಕೊಟ್ಟರೆ ವಿಮ್ಯಾಫ್ ಏರುತ್ತದೆ. ಮೂಲಕ್ಕೆ ಹತ್ತಿರವಾಗಿದ್ದಕ್ಕಲ್ಲ, ದೂರವಾಗಿದ್ದಕ್ಕೆ ಬಹುಮಾನ. ಕೊನೆಯ ಮಾತು ಕಣ್ಣಿನದೇ.

ಕೊಥ್ರೂಡ್ ಬಿಟ್‌ರೇಟ್ · 9:45
ಅದಕ್ಕಂತನೇ ನೆಗ್ ಮಾಡೆಲ್ ಮಾಡ್ಯಾರಲ್ರಿ ಅಕ್ಕಾರ. ಶಾರ್ಪ್ ಮಾಡಿ ಗಳಿಸಿದ ಅಂಕ ಅದು ಕೊಡಂಗಿಲ್ಲ. ಎನ್‌ಕೋಡರ್ ಎನ್‌ಕೋಡರ್ ಹೋಲಿಸೂವಾಗ ನೆಗ್ ಬಳಸೂದೇ ಸರಿ. ಕಣ್ಣು ಅಂತೀರಿ, ಯಾವ ಫೈಲ್ ದೊಡ್ಡದು ಅಂತ ಗೊತ್ತಿದ್ದ ಕಣ್ಣು ದೊಡ್ಡದರ ಕಡೇನೇ ವಾಲ್ತದ. ಅದೂ ನಂಬೂವಂಗಿಲ್ಲ.

ಮುಲುಂಡ್ ಕಲರ್ · 10:02
ಅದಕ್ಕೇ ಹೆಸರು ಮುಚ್ಚಿ ನೋಡಬೇಕು. ಮನೆಯ ಇನ್ನೊಬ್ಬರಿಂದ ಫೈಲ್‌ಗಳಿಗೆ ಅ, ಆ ಅಂತ ಹೆಸರಿಡಿಸಿ. ಮೂರನೆಯದಾಗಿ ಅವುಗಳಲ್ಲೊಂದನ್ನು ತೋರಿಸಲಿ, ಯಾವುದೆಂದು ನೀವು ಹೇಳಿ. ಹತ್ತು ಸಲ. ಬರೀ ಊಹೆಯಿಂದ ಹತ್ತರಲ್ಲಿ ಒಂಬತ್ತು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಸುಮಾರು 1 ಶೇಕಡಾ, ಎಂಟು ಅಥವಾ ಹೆಚ್ಚಾದರೆ ಐದೂವರೆ ಶೇಕಡಾ. ಒಂಬತ್ತಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ ಕಂಡಿತು ಅಂತ ಹೇಳಬೇಡಿ.

ನೋಡುವ ವ್ಯವಸ್ಥೆಯೂ ಸರಿಯಿರಲಿ. 24 ಇಂಚಿನ 1080ಪಿ ಮಾನಿಟರ್‌ನ ಎತ್ತರ 30 ಸೆಂಟಿಮೀಟರ್, ಮೂರರಷ್ಟು ಅಂದರೆ 90 ಸೆಂಟಿಮೀಟರ್ ದೂರ ಕೂರಿ. ಮಾನಿಟರ್‌ನ ಶಾರ್ಪ್‌ನೆಸ್ ತಟಸ್ಥಕ್ಕೆ, ಗ್ರಾಫಿಕ್ಸ್ ಡ್ರೈವರ್‌ನ ವಿಡಿಯೋ ಸುಧಾರಣೆ ಎಲ್ಲ ಆಫ್. ವಿಂಡೋಸ್ ಸ್ಕೇಲಿಂಗ್ 125 ಇದ್ದರೆ ಪ್ಲೇಯರ್ ಚಿತ್ರವನ್ನು ಹಿಗ್ಗಿಸಿ ತೋರಿಸಬಹುದು, ಪಿಕ್ಸೆಲ್‌ಗೆ ಪಿಕ್ಸೆಲ್ ಬರುವಂತೆ ನೋಡಿಕೊಳ್ಳಿ. ನಿಲ್ಲಿಸಿ ನೋಡುವುದು ದೋಷ ಹುಡುಕಲು, ಓಡಿಸಿ ನೋಡುವುದು ತೀರ್ಪಿಗೆ.

ಕೊಥ್ರೂಡ್ ಬಿಟ್‌ರೇಟ್ · 10:06
ಹಿಂಗ ಮಾಡ್ತಾರಂದ್ರ ನಂದೇನೂ ತಕರಾರಿಲ್ಲ. ಅಂಕದಾಗ ಆರು ಪಾಯಿಂಟ್ ಫರಕ್ ಇದ್ರ ಕಣ್ಣಿಗೆ ಗೊತ್ತಾಗ್ತದ ಅಂತ ಸಾಮಾನ್ಯವಾಗಿ ಹೇಳ್ತಾರ. 94.8, 95.3 ಅಂತ ಜಗಳ ಆಡೂದು ದಂಡ.

ಬೋರಿವಲಿ ರೆಂಡರ್ · 10:20
ಎಕ್ಸ್264 ಸಿಆರ್‌ಎಫ್ 20 ಮತ್ತು ಎಕ್ಸ್265 ಸಿಆರ್‌ಎಫ್ 20 ಹೋಲಿಸಿ ಯಾವುದು ಒಳ್ಳೆಯದು ಅಂತ ನೋಡಿದರೆ ಸಾಕಲ್ಲ.

ಪಿಂಪರಿ ಟರ್ಮಿನಲ್ · 10:33
ಆ ಎರಡು 20 ಒಂದೇ ಅಲ್ಲ. ಎಕ್ಸ್264ರ ಡಿಫಾಲ್ಟ್ 23, ಎಕ್ಸ್265ರದ್ದು 28, ಎಸ್‌ವಿಟಿ-ಎವಿ1ನಲ್ಲಂತೂ ಅಳತೆಪಟ್ಟಿಯೇ ಬೇರೆ. ಪ್ರತಿ ಎನ್‌ಕೋಡರ್‌ಗೆ ನಾಲ್ಕೈದು ಸಿಆರ್‌ಎಫ್ ಕೊಟ್ಟು, ಬಿಟ್‌ರೇಟ್ ಒಂದು ಅಕ್ಷದಲ್ಲಿ, ಅಂಕ ಇನ್ನೊಂದರಲ್ಲಿ ಇಟ್ಟು ಗೆರೆ ಎಳೆಯಿರಿ. ಒಂದೇ ಅಂಕಕ್ಕೆ ಯಾರು ಎಷ್ಟು ಕಡಿಮೆ ಬಿಟ್ ತೆಗೆದುಕೊಂಡರು ಎಂಬುದಷ್ಟೇ ಪ್ರಶ್ನೆ. ಪ್ರಿಸೆಟ್ ವೇಗವನ್ನೂ ಬರೆದಿಡಿ, ಮೀಡಿಯಂ ಮತ್ತು ಸ್ಲೋ ಬೇರೆ ಗೆರೆಗಳು.

ಮಾಟುಂಗಾ ಚೌಕಿ · ಸಂಜೆ 6:15
ಫ್ರೇಮ್ ದರ ಸೇಮ್ ಆಸ್ ಸೋರ್ಸ್, ಕ್ರಾಪ್ ನನ್, 10 ಬಿಟ್, ಎಕ್ಸ್265 ಸ್ಲೋ, ಸಿಆರ್‌ಎಫ್ 20. ಎಂಟು ತುಂಡಿನಲ್ಲಿ ಏಳಕ್ಕೆ ಸರಾಸರಿ 94ರಿಂದ 96, 1 ಶೇಕಡಾ 88ರ ಮೇಲೆ. ಎಂಟನೆಯದು ಬಣ್ಣದ ವೇಷದ ಪ್ರವೇಶ, ಅದಕ್ಕೆ ಮಾತ್ರ ಸರಾಸರಿ 89, 1 ಶೇಕಡಾ 71. ಮೂರನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಲಿಲ್ಲ.

ಬೋರಿವಲಿ ರೆಂಡರ್ · 6:22
ಅಳಿಸಬಹುದು. 95 ಅಂದರೆ ನೋಡುವವರಿಗೆ ಮೂಲವೇ.

ಡೊಂಬಿವಲಿ 50ಪಿ · 6:30
ಖಂಡಿತ ಬೇಡ! ಅಂಕ ಹೇಳುವುದು ಈ ಮೂಲಕ್ಕೆ ಎಷ್ಟು ಹತ್ತಿರ ಅಂತ ಮಾತ್ರ. ಮೂಲದಲ್ಲೇ ಕ್ಯಾಮೆರಾದ ಸಂಕೋಚನದ ಚೌಕ, ನಾಯ್ಸ್ ಎಲ್ಲ ಉಂಟು. ನಾಳೆ ಯಾರಾದರೂ ಅದರಿಂದ ತುಣುಕು ತೆಗೆದು ಎಡಿಟ್ ಮಾಡಿ ಮತ್ತೆ ಎನ್‌ಕೋಡ್ ಮಾಡುವಾಗ ನಷ್ಟದ ಮೇಲೆ ನಷ್ಟ. ಮೇಲಾಗಿ ನೀವು ನೋಡಿದ್ದು 160 ಸೆಕೆಂಡ್, 4 ಗಂಟೆ ಅಲ್ಲ. ಆಡಿ ಹೋದ ಪ್ರಸಂಗ ಮತ್ತೆ ಅದೇ ವೇಷಧಾರಿಗಳಿಂದ ಸಿಗುವುದಿಲ್ಲ. ಇಳಿಸಿದ್ದು ನೋಡಲಿಕ್ಕೆ, ಹಂಚಲಿಕ್ಕೆ ಇರಲಿ. ಮೂಲ ಎರಡು ಡಿಸ್ಕ್‌ನಲ್ಲಿ, ಎರಡು ಮನೆಯಲ್ಲಿ ಇರಲಿ.

ಬೋರಿವಲಿ ರೆಂಡರ್ · 6:36
ಡಿಸ್ಕ್‌ನ ಖರ್ಚು ಯಾರು ಕೊಡುತ್ತಾರೆ? ಸಂಘಗಳ ಕೈಯಲ್ಲಿ ಅಷ್ಟು ಹಣವಿಲ್ಲ. ಆಯ್ದ ಆಟಗಳ ಮೂಲ ಇಟ್ಟು ಉಳಿದವನ್ನು ಸಿಆರ್‌ಎಫ್ 16ಕ್ಕೆ ಇಳಿಸಿ ಅಳಿಸುವುದು ಮಧ್ಯದ ದಾರಿ.

ಮಡಗಾಂವ್ ಟೈಮ್‌ಲೈನ್ · 6:48
ಸಿಆರ್‌ಎಫ್ 16ಕ್ಕೆ ಇಳಿಸಿ ಫೈಲ್ ತೂಕ ನೋಡಿ. ನಾಯ್ಸ್ ತುಂಬಿದ ಕತ್ತಲೆ ದೃಶ್ಯದಲ್ಲಿ ಎನ್‌ಕೋಡರ್ ಆ ಕಾಳುಗಳನ್ನೆಲ್ಲ ಕಾಪಾಡಲು ಹೋಗಿ ಮೂಲದಷ್ಟೇ ದೊಡ್ಡದಾಗಬಹುದು. ಆಗ ಉಳಿತಾಯ ಎಲ್ಲಿ? ಅಳಿಸುವುದಕ್ಕೆ ನನ್ನದೂ ಬೇಡ.

ಕೊಥ್ರೂಡ್ ಬಿಟ್‌ರೇಟ್ · 7:02
ಚೌಕಿ ಅವ್ರ, ಎಂಟನೇ ತುಂಡಿಗೆ ಬರೂಣು. 89, 71 ಅಂದ್ರ ಎರಡು ಕಾರಣ ಇರಬಹುದು. ಕಾಳು ನಾಯ್ಸ್ ಅಳಿಸಿ ಹೋಗಿದ್ರ ಅಂಕ ಎಲ್ಲಾ ಕಡೆ ಒಂದೇ ಸಮ ಇಳಿದಿರ್ತದ, ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ. ವೇಷ ಒಳಗ ಬರೂ ಹೊತ್ತಿಗೇ ಗುಂಡಿ ಬಿದ್ದಿದ್ರ ಚಲನೆಗೆ ಬಿಟ್ ಸಾಲ್ತಾ ಇಲ್ಲ. ಅದೊಂದು ತುಂಡನ್ನ ಸಿಆರ್‌ಎಫ್ 18ಕ್ಕ ಮಾಡಿ, ನೆಗ್ ಮಾಡೆಲ್‌ನ್ಯಾಗ ಮತ್ತ ಓಡಸ್ರಿ. ವಿ ಪದರದ ಪಿಎಸ್‌ಎನ್‌ಆರ್ ಸಹ ತಗೀರಿ. ಎರಡೂ ಜೇಸನ್ ಲಾಗ್ ಇಲ್ಲಿ ಹಾಕ್ರಿ, ಗ್ರಾಫ್ ನೋಡಿ ಹೇಳೂಣು.

ಮಾಟುಂಗಾ ಚೌಕಿ · 7:09
ಆಯ್ತು, ಈಗಲೇ ಓಡಿಸ್ತೇನೆ. ಮೂಲ ಅಳಿಸುವುದಿಲ್ಲ.